ಟಮೇರಾಳ ಪಾಲಿನ ಏಟುಗಳು

ಮೆಂಫಿಸ್
೧೮ ಸೆಪ್ಟೆಂಬರ್ ೧೯೯೫

ಪ್ರೀತಿಯ ಟಮೇರಾ,

ನಿನ್ನ ಪತ್ರ ಬಂದು ವಾರ ಕಳೆಯಿತು. ತಡವಾದದ್ದಕ್ಕೆ ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ. ಶನಿವಾರ ಈ ಊರಿನ ಗಂಡಸರು ಮೊದಲೇ ಮಾತಾಡಿಕೊಂಡವರ ಹಾಗೆ ಒಬ್ಬರನ್ನೊಬ್ಬರು ಇರಿದುಕೊಂಡು, ಗುಂಡು ಹೊಡೆದುಕೊಂಡು ನಮ್ಮ ಜಿಲ್ಲಾಸ್ಪತ್ರೆಗೆ ಬಂದಿದ್ದರು. ಒಬ್ಬನ ಹೊಟ್ಟೆಯಲ್ಲಿ ಚಾಕುವಿನ ತುದಿ ಮುರಿದು ಉಳಿದುಬಿಟ್ಟಿತ್ತು. ಅರಿವಳಿಕೆ ಕೊಡಲು ಹೋದರೆ ನನ್ನನ್ನೇ ಇರಿದವನು ಅಂದುಕೊಂಡು ದವಡೆಗೆ ಗುದ್ದಿದ. ಊದಿದ ಮುಖದಲ್ಲೇ ಅವನ ಹೊಟ್ಟೆ ಬಿಚ್ಚಿ, ತುದಿ ತೆಗೆದು, ಹೊಲಿದೆ. ಎಚ್ಚರವಾದ ಮೇಲೆ ಕೈಮುಗಿಯುತ್ತಾನೆ ಅಂದುಕೊಂಡರೆ, "ಯಾವಾಗ ಮನೆಗೆ ಬಿಡ್ತೀರಿ ಡಾಕ್ಟ್ರೇ, ಒಬ್ಬನ್ನ ಹುಡುಕಬೇಕಿತ್ತು" ಅಂದ. ನೀನು ಸೇರಬೇಕೆಂದು ಹಂಬಲಿಸುತ್ತಿರುವ ವೃತ್ತಿ ಇದು. ಚೆನ್ನಾಗಿ ಯೋಚಿಸು.

ನೀನು ಯಾರೆಂದು ನನಗೆ ನೆನಪಿದೆ. ನಿಮ್ಮ ಕಾಲೇಜಿನಲ್ಲಿ ನಾನು ಮಾತಾಡಿದ ದಿನ ಎದ್ದು ನಿಂತು, ಮೊದಲ ಸಲ ಮನುಷ್ಯನ ಮೈ ಕೊಯ್ಯುವಾಗ ಕೈ ನಡುಗಲಿಲ್ಲವೇ ಎಂದು ಕೇಳಿದ ಉದ್ದನೆಯ ಹುಡುಗಿ. ಅಂದು ಹೇಳಿದ್ದನ್ನೇ ಬರೆದು ಕಳಿಸಿ ಎಂದಿದ್ದೀಯ. ಕೇಳು. ನಾನು ಇಸ್ತ್ರಿ ಮಾಡುವವಳ ಮಗಳು. ಹತ್ತೊಂಬತ್ತು ದಾಟುವ ಮೊದಲೇ, ಕಾಲೇಜಿನ ಕರಿಯ ಹುಡುಗಿಯರು ಸೇರುವ ನಮ್ಮ ಸೋದರಿ ಸಂಘ ಸೇರಿದೆ. ಆಗ ಸೇರುವುದೆಂದರೆ ಇಡೀ ಚಳಿಗಾಲ ಒಬ್ಬಳ ಹಿಂದೊಬ್ಬಳು ಸಾಲಾಗಿ ನಡೆಯಬೇಕು, ಮುಂದಿನವಳ ಕತ್ತು ಬಿಟ್ಟು ಬೇರೇನೂ ನೋಡಬಾರದು, ಸಂಜೆಯಾದರೆ ಗೋಡೆಗೆ ಕೈ ಕೊಟ್ಟು ಬಗ್ಗಿ ಸಂಘದ ಅಕ್ಕಂದಿರಿಂದ ಮರದ ಹಲಗೆಯ ಏಟು ತಿನ್ನಬೇಕು. ನಾನು ತಿಂದೆ. ಆಮೇಲೆ ವೈದ್ಯಕೀಯ ಕಾಲೇಜಿನಲ್ಲಿ ಒಬ್ಬ ಬಿಳಿಯ ಮೇಷ್ಟ್ರು, ಕರಿಯ ಹೆಂಗಸಿನ ಕೈ ಹಾಸಿಗೆ ಒಗೆಯುವುದಕ್ಕೇ ಸರಿ ಎಂದಾಗ ನನಗೆ ನಗು ಬಂತು. ಇದಕ್ಕಿಂತ ದೊಡ್ಡ ಏಟಿಗೇ ನಾನು ಕಣ್ಣೀರು ಹಾಕಿರಲಿಲ್ಲ. ನನ್ನ ಕೈ ಇವತ್ತು ನಡುಗದಿದ್ದರೆ ಅದು ಆ ಅಕ್ಕಂದಿರು ಕೊಟ್ಟ ಗಟ್ಟಿತನ. ಅವರಲ್ಲೇ ಒಬ್ಬಳು ನನ್ನನ್ನು ಮನೆಯಲ್ಲಿಟ್ಟುಕೊಂಡು ಊಟ ಹಾಕಿ ಓದಿಸಿದಳು. ಈಗ ನಿನ್ನನ್ನು ಮೇಲೆತ್ತುವ ಸರದಿ ನನ್ನದು. ಶಿಫಾರಸು ಪತ್ರ ನಾನು ಬರೆಯುತ್ತೇನೆ.

ಸಂಘ ಸೇರಲು ಅರ್ಜಿ ಹಾಕಿದ್ದೀಯಂತೆ, ಸಂತೋಷ. ಐದು ವರ್ಷದಿಂದ ಕೇಂದ್ರ ಕಚೇರಿಯವರು ಹೊಡೆತ ಬಡಿತ ಎಲ್ಲ ನಿಲ್ಲಿಸಿ, ಅರ್ಜಿ ತುಂಬಿ ದೀಪ ಹಿಡಿದರೆ ಸೋದರಿ ಎಂದು ಮಾಡಿಬಿಟ್ಟಿದ್ದಾರೆ. ಪಾಪ, ನೀವೆಲ್ಲ ಕಾಗದದ ಸೋದರಿಯರು. ಮಳೆಯಲ್ಲಿ ನೆನೆಯಬೇಡಿ!

ನಿನ್ನ ಅಕ್ಕ,
ಡಾ. ಕಾರ್ಲಿಸ್ ವಿಟ್ಲೊ


ಹಾರ್ಲನ್ಸ್ ಫೆರಿ, ಮಿಸಿಸಿಪ್ಪಿ
೨೮ ಜನವರಿ ೧೯೯೬

ಗೌರವದ ಅಕ್ಕನಿಗೆ,

ನಾವು ಐವರು ಸೋದರಿಯರಾದೆವು. ದೀಪ ಹಿಡಿದೆವು, ಹಾಡಿದೆವು, ಕಿತ್ತಳೆ ಬಣ್ಣದ ಕೋಟು ತೊಟ್ಟೆವು. ನಮ್ಮ ಸಾಲಿನಲ್ಲಿ ಗಿಡ್ಡಗಿದ್ದವಳು ಮೊದಲು, ಉದ್ದಗಿದ್ದವಳು ಕೊನೆ. ಹಾಗಾಗಿ ನನ್ನ ಕೋಣೆಯ ಗೆಳತಿ ಬ್ರಿಯೆಲ್ ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಬ್ರಿಯೆಲ್ ಎಷ್ಟು ಗಿಡ್ಡ ಎಂದರೆ ಬಸ್ಸಿನಲ್ಲಿ ನಿಂತರೆ ಕಿಟಕಿ ಅವಳ ಹಣೆಗೆ ಬರುತ್ತದೆ. ಬಾಯಿ ಮಾತ್ರ ಇಡೀ ಬಸ್ಸಿಗೆ ಸಾಕಾಗುತ್ತದೆ.

ಕಳೆದ ವಾರ ಪಕ್ಕದ ಕಾಲೇಜಿನಲ್ಲಿ ನಮ್ಮ ಸಂಘದವರ ಕೂಟವಿತ್ತು. ಎಲ್ಲರೂ ಕೈ ಕೈ ಹಿಡಿದು ಸುತ್ತ ನಿಲ್ಲುವಾಗ ನಮ್ಮ ಐವರ ಕೈ ಯಾರೂ ಹಿಡಿಯಲಿಲ್ಲ. ಆ ಕಾಲೇಜಿನವರನ್ನೆಲ್ಲ ಕದ್ದುಮುಚ್ಚಿ, ಹೊಡೆತದ ಹಳೆಯ ಪದ್ಧತಿಯಲ್ಲೇ ಸಂಘಕ್ಕೆ ಸೇರಿಸಿಕೊಂಡಿದ್ದಾರಂತೆ. "ಕಾಗದ, ಕಾಗದ" ಎಂದು ಕೂಗಿ ನಮ್ಮ ತಲೆಯ ಮೇಲೆ ಹರಿದ ಪೇಪರಿನ ಚೂರು ಸುರಿದರು. ಅತ್ತೇ ಬಿಡುತ್ತೇನೆ ಎನ್ನಿಸಿತು. ಬ್ರಿಯೆಲ್ ಮಾತ್ರ ಸುರಿದವಳ ಮುಂದೆ ಹೋಗಿ ನಿಂತು, "ನಿನ್ ಮೂತಿ ನಂಗೆ ಎಟಕಲ್ಲ, ಸ್ವಲ್ಪ ಬಗ್ಗಮ್ಮ" ಅಂದಳು. ಅವಳು ನಗುತ್ತಾ ಬಗ್ಗಿದಳು. ಬ್ರಿಯೆಲ್ ಒಂದೇ ಗುದ್ದಿಗೆ ಅವಳ ಮೂಗಿನ ಮೂಳೆ ಮುರಿದಳು. ಆಮೇಲೆ ಆದ ಹೊಡೆದಾಟದಲ್ಲಿ ನನ್ನ ಓಲೆ ಕಿವಿ ಹರಿದುಕೊಂಡು ಬಂತು, ಇನ್ನೊಬ್ಬಳ ಕೈಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿಹೋಯಿತು.

ವಾಪಸ್ ಬರುವಾಗ ಕಾರಿನಲ್ಲಿ ನಿಮ್ಮ ಪತ್ರವನ್ನು ಎಲ್ಲರಿಗೂ ಓದಿ ಹೇಳಿದೆ. ಅಕ್ಕ, ನಿಮಗೆ ಸಿಕ್ಕ ಗಟ್ಟಿತನ ನಮಗೇಕೆ ಸಿಗಬಾರದು? ಇಲ್ಲಿ ರಶೀದಾ ಎಂಬ ಹಿರಿಯ ಸೋದರಿ ಇದ್ದಾಳೆ. ಓದು ಮುಗಿಸಿ ಇದೇ ಊರಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾಳೆ. ನಮಗೂ ಹಳೆಯ ಪದ್ಧತಿಯಲ್ಲೇ ಮಾಡಿಸು ಎಂದು ಅವಳ ಹತ್ತಿರ ನಾವೇ ಹೋಗಿ ಕೇಳಿಕೊಂಡೆವು. ಮೊದಲು ಅವಳು ಒಪ್ಪಲಿಲ್ಲ. "ಆಮೇಲೆ ಅತ್ರೆ ನಾನ್ ಕೇಳಲ್ಲ" ಅಂದಳು. ಅಳುವುದಿಲ್ಲ ಎಂದು ಐವರೂ ಮಾತು ಕೊಟ್ಟೆವು. ಮೊದಲು ಕೈ ಎತ್ತಿದವಳು ನಾನು. ನಿಮಗೆ ಹೆಮ್ಮೆಯಾಗಲಿ ಎಂದು ಬರೆಯುತ್ತಿದ್ದೇನೆ.

ನಿಮ್ಮ ತಂಗಿ,
ಟಮೇರಾ


ಮೆಂಫಿಸ್
೯ ಫೆಬ್ರವರಿ ೧೯೯೬

ಟಮೇರಾ,

ಮೊದಲು ಒಳ್ಳೆಯ ಸುದ್ದಿ. ಇಲ್ಲಿನ ವೈದ್ಯಕೀಯ ಕಾಲೇಜಿನವರು ಮಾರ್ಚ್ ಹನ್ನೊಂದರ ಸೋಮವಾರ ನಿನ್ನನ್ನು ಸಂದರ್ಶನಕ್ಕೆ ಕರೆಯುತ್ತಾರೆ. ನಾನು ಪ್ರತಿಯೊಬ್ಬರ ಬಾಗಿಲನ್ನೂ ತಟ್ಟಿ ಬಂದಿದ್ದೇನೆ. ಐದು ಜನ ಮೇಜಿನ ಆ ಕಡೆ ಕೂತಿರುತ್ತಾರೆ, ಅರ್ಧ ದಿನ ಕೂರಿಸಿ ಕೇಳುತ್ತಾರೆ. ಬೆನ್ನು ನೆಟ್ಟಗೆ ಇರಲಿ. ಕುರ್ಚಿಯಲ್ಲಿ ಮಿಸುಕಾಡಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು.

ಇನ್ನು ಆ ವಿಷಯ. ಬೇಡ ಎಂದು ಬರೆಯಲು ಕೂತೆ. ಬೇಡ ಎನ್ನುವ ಬಾಯಿ ನನಗೆಲ್ಲಿದೆ? ನೀನು ಎತ್ತಿ ತೋರಿಸಿದ್ದು ನನ್ನ ಪತ್ರವನ್ನೇ. ನಿಜ ಹೇಳಲೇ, ಓದುವಾಗ ಒಂದು ಗಳಿಗೆ ಹೆಮ್ಮೆಯೂ ಆಯಿತು. ಮಾಡುವುದೇ ಆದರೆ ನೆಟ್ಟಗೆ ಮಾಡಿ. ಕುಡಿದವರ ಕೈಗೆ ಹಲಗೆ ಕೊಡಬೇಡಿ. ಸೊಂಟದ ಮೇಲೆ ಒಂದು ಏಟೂ ಬೀಳಕೂಡದು, ಅಲ್ಲಿ ಕಿಡ್ನಿ ಇರುತ್ತದೆ. ತಲೆಯ ತಂಟೆಗೆ ಹೋಗಬಾರದು. ರಶೀದಾಗೆ ನಾನು ಹೇಳಿದೆ ಎಂದು ಹೇಳು.

ಇವತ್ತು ಹದಿನೇಳರ ಹುಡುಗನೊಬ್ಬ ನನ್ನ ಕೈಯಲ್ಲೇ ಸತ್ತ. ಅವನಮ್ಮ ನನ್ನ ಕೋಟು ಹಿಡಿದು ಜಗ್ಗಾಡಿ ಗುಂಡಿ ಕಿತ್ತಳು. ಹೊಡೆದರೆ ಹೊಡೆಯಲಿ ಎಂದು ಸುಮ್ಮನೆ ನಿಂತಿದ್ದೆ.

ಕಾರ್ಲಿಸ್


ಹಾರ್ಲನ್ಸ್ ಫೆರಿ
೧೨ ಮಾರ್ಚ್ ೧೯೯೬

ಅಕ್ಕ,

ಸಂದರ್ಶನ ಚೆನ್ನಾಗಾಯಿತು! ಬೆನ್ನು ನೆಟ್ಟಗಿತ್ತು. ಮಿಸುಕಾಡಲಿಲ್ಲ. ಯಾಕೆ ಡಾಕ್ಟರಾಗಬೇಕು ಎಂದು ಕೇಳಿದಾಗ, ಇನ್ನೊಬ್ಬರನ್ನು ಮೇಲೆತ್ತುವ ಸರದಿ ನನ್ನದು ಎಂದು ನಿಮ್ಮ ಮಾತನ್ನೇ ಹೇಳಿದೆ. ಒಬ್ಬರಂತೂ ಎದ್ದು ಬಂದು ಕೈ ಕುಲುಕಿದರು.

ನಮ್ಮದು ಇನ್ನೇನು ಮುಗಿಯುತ್ತಾ ಬಂತು. ನೀವು ಹೇಳಿದಂತೆಯೇ ನಡೆಯುತ್ತಿದೆ, ಸೊಂಟದ ಮೇಲೆ ಒಂದೂ ಬಿದ್ದಿಲ್ಲ, ಎಲ್ಲ ತೊಡೆಗೇ. ಟಯರ್ ಅಂಗಡಿಯ ಹಿಂದಿನ ಹಳದಿ ಮನೆ ರಶೀದಾಳದ್ದು. ಅಲ್ಲಿನ ಗ್ಯಾರೇಜಿನಲ್ಲಿ ಭಾನುವಾರ ಮಧ್ಯಾಹ್ನ ಊರೆಲ್ಲ ಚರ್ಚಿನಲ್ಲಿರುವಾಗ ರೇಡಿಯೋ ಜೋರಾಗಿ ಹಾಕಿ ಶುರುಮಾಡುತ್ತಾರೆ. ಪ್ರತಿ ಏಟಿಗೂ ಎಣಿಸಿ ಥ್ಯಾಂಕ್ಸ್ ಹೇಳಬೇಕು. ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ. ಮೊದಲ ವಾರ ಚರ್ಮ ಉರಿಯುತ್ತಿತ್ತು, ಆಮೇಲೆ ಒಡೆಯಿತು, ಈಗ ಮರಗಟ್ಟಿ ಕಲ್ಲಾಗಿದೆ. ಒಂದು ದಿನ ಹಲಗೆಯೇ ಮುರಿದು ಚೂರು ನನ್ನ ಮೊಣಕಾಲಿಗೆ ನಾಟಿತು. ಎಲ್ಲರೂ ನಕ್ಕೆವು. ನೀವೂ ಹೀಗೇ ನಗುತ್ತಿದ್ದಿರಾ?

ನಮ್ಮಲ್ಲಿ ಒಬ್ಬಳ ಪಾಲನ್ನು ಇನ್ನೊಬ್ಬಳು ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ದೊಡ್ಡ ಮೈಯವರು ಚಿಕ್ಕವರದನ್ನು ತಿನ್ನುತ್ತಾರೆ. ಮೊನ್ನೆ ಭಾನುವಾರ ಬ್ರಿಯೆಲ್ ತಿರುಗಾಮುರುಗಾ ಮಾಡಿದಳು. "ಇವಳು ನಾಳೆ ಆ ಬಿಳಿಯರ ಮುಂದೆ ಅರ್ಧ ದಿನ ಕೂರಬೇಕು. ಕುಂಡೆ ಊದಿಸ್ಕೊಂಡು ಹೆಂಗೆ ಕೂರ್ತಾಳೆ? ಇವಳದ್ದೂ ನನಗೇ ಹಾಕಿ" ಅಂದಳು. ನಾನು ಬೇಡವೆಂದೆ. ಒಂದು ಸಲವೇ ಅಂದೆ, ಅಕ್ಕ. ರಶೀದಾ ಅವಳ ಪಾಲನ್ನೂ ನನ್ನ ಪಾಲನ್ನೂ ಒಟ್ಟಿಗೆ ಹಾಕಿದಳು. ಬ್ರಿಯೆಲ್ ಎಣಿಕೆ ತಪ್ಪಲಿಲ್ಲ.

ಈಗ ಅವಳು ರಶೀದಾಳ ಮನೆಯಲ್ಲೇ ಇದ್ದಾಳೆ. ಕುಂಟುವುದನ್ನು ಹಾಸ್ಟೆಲಿನ ವಾರ್ಡನ್ ನೋಡಬಾರದಲ್ಲ. ತೊಡೆ ಬಾತು ಪ್ಯಾಂಟು ಏರುತ್ತಿಲ್ಲ. ಮೂತ್ರ ಕೋಕಾ-ಕೋಲಾ ಬಣ್ಣಕ್ಕೆ ಬಂದಿದೆ, ಅದೂ ಸ್ವಲ್ಪವೇ ಹೋಗುತ್ತದೆ. "ಬಾಟ್ಲಿಗೆ ತುಂಬಿ ಮಾರೋಣ" ಅನ್ನುತ್ತಾಳೆ. ಹಣ್ಣಿನ ರಸ ಕುಡಿದರೆ ಸರಿಹೋಗುತ್ತದೆ ಎಂದು ರಶೀದಾ ಹೇಳುತ್ತಾಳೆ. ಹಾಸ್ಟೆಲಿನ ಫೋನಿನಲ್ಲಿ ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತದೆ, ಅದಕ್ಕೇ ಪತ್ರದಲ್ಲಿ ಕೇಳುತ್ತಿದ್ದೇನೆ. ಸರಿಹೋಗುತ್ತದೆ ಅಲ್ಲವೇ?

ಟಮೇರಾ


ಮೆಂಫಿಸ್
೨೦ ಮಾರ್ಚ್ ೧೯೯೬

ಟಮೇರಾ,

ಗುರುವಾರ ನೀನು ತರಗತಿ ಮುಗಿಸಿ ಓಡಿಬಂದಾಗ ಆಂಬುಲೆನ್ಸ್ ಹೋಗಿಯಾಗಿತ್ತು, ನಾನು ಆ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಏನಾಯಿತು ಎಂದು ನೀನು ಕೇಳಿದೆ. ಈಗ ಹೇಳುತ್ತೇನೆ.

ನಿನ್ನ ಪತ್ರದಲ್ಲಿ ಕೋಕಾ-ಕೋಲಾ ಎಂಬಲ್ಲಿಗೆ ಬಂದಾಗಲೇ ಏನಾಗಿದೆ ಎಂದು ಗೊತ್ತಾಯಿತು. ಮಾಂಸವನ್ನು ವಾರಗಟ್ಟಲೆ ಬಡಿದರೆ ಅದು ಒಳಗೇ ಕರಗುತ್ತದೆ. ಕರಗಿದ್ದು ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಏಟು ಕಿಡ್ನಿಯ ಹತ್ತಿರ ಬೀಳಬೇಕಾಗಿಲ್ಲ. ತೊಡೆಗೆ ಬಿದ್ದರೂ ಸಾಕು. ಇದನ್ನು ನಾನು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುತ್ತೇನೆ. ನಿನಗೆ ಬರೆಯುವಾಗ ಡಾಕ್ಟರಾಗಿ ಬರೆಯಲಿಲ್ಲ, ಅಕ್ಕನಾಗಿ ಬರೆದೆ. ಫೋನಿನಲ್ಲಿ ಆಂಬುಲೆನ್ಸ್‌ಗೆ ಹೇಳಿ, ಕಾರು ಹತ್ತಿ ಅದರ ಹಿಂದೆಯೇ ಬಂದು ಮುಟ್ಟಿದೆ.

ಆಂಬುಲೆನ್ಸಿನವರನ್ನು ರಶೀದಾ ಬಾಗಿಲಲ್ಲೇ ನಿಲ್ಲಿಸಿದ್ದಳು. ಇಲ್ಲಿ ಯಾರಿಗೂ ಏನೂ ಆಗಿಲ್ಲ ಎನ್ನುತ್ತಿದ್ದಳು. ನಾನು ಅವಳ ಕೊರಳಪಟ್ಟಿ ಹಿಡಿದು ಒಳಕ್ಕೆ ತಳ್ಳಿದೆ. ಬಾಗಿಲ ಚಿಲಕಕ್ಕೆ ಅವಳ ಹುಬ್ಬು ತಾಗಿ ರಕ್ತ ಸುರಿಯಿತು. ಬ್ರಿಯೆಲ್ ಐಸು ತುಂಬಿದ ಸ್ನಾನದ ತೊಟ್ಟಿಯಲ್ಲಿದ್ದಳು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ, "ಥ್ಯಾಂಕ್ಸ್ ಅಕ್ಕ" ಅಂದಳು. ಅವಳಿಗೆ ಬುದ್ಧಿ ನೆಲೆಯಲ್ಲಿರಲಿಲ್ಲ. ಹಲಗೆ ಹಿಡಿದವರಲ್ಲಿ ನಾನೂ ಒಬ್ಬಳು ಅಂದುಕೊಂಡಿದ್ದಳು.

ಅವಳನ್ನು ಸಾಗಿಸಿದ ಮೇಲೆ ರಶೀದಾಳನ್ನು ಕೂದಲು ಹಿಡಿದು ಗ್ಯಾರೇಜಿಗೆ ಎಳೆದುಕೊಂಡು ಹೋದೆ. ಹಲಗೆ ಗೋಡೆಗೆ ಒರಗಿಸಿತ್ತು. ಅದನ್ನು ತೆಗೆದುಕೊಂಡೆ. ಅವಳನ್ನು ಹೆದರಿಸಬೇಕು, ಅಳಿಸಬೇಕು, ಕಾಲು ಹಿಡಿಸಬೇಕು ಎಂದಿತ್ತು. ಅವಳು ಓಡಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಸುಮ್ಮನೆ ತಿರುಗಿ, ಗೋಡೆಗೆ ಎರಡೂ ಕೈ ಕೊಟ್ಟು, ಬಗ್ಗಿದಳು. ಹಿರಿಯ ಅಕ್ಕ ಹಲಗೆ ಎತ್ತಿದ್ದಾಳೆ, ಇನ್ನೇನು ಮಾಡಬೇಕು ಅವಳು?

ಅಷ್ಟಕ್ಕೇ ನಾನು ನಿಲ್ಲಿಸಿದೆ ಎಂದು ಬರೆಯುವ ಆಸೆ. ಇಲ್ಲ, ಹೊಡೆದೆ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಅವಳು "ಒಂದು. ಥ್ಯಾಂಕ್ಸ್ ಅಕ್ಕ" ಅಂದಳು. ಇನ್ನೊಂದಕ್ಕೆ ಕಾಯುತ್ತಾ ನಿಂತಳು. ಆಗ ಹಲಗೆ ಬಿಸಾಡಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಬ್ರಿಯೆಲ್‌ಗೆ ಈಗ ದೊಡ್ಡಾಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡುವ ಯಂತ್ರ ಹಾಕಿದ್ದಾರೆ. ಊತದ ಒತ್ತಡ ಇಳಿಯಲೆಂದು ಎರಡೂ ತೊಡೆ ಸೀಳಿ ಹೊಲಿಯದೆ ಬಿಟ್ಟಿದ್ದಾರೆ. ಬದುಕುತ್ತಾಳೋ ಇಲ್ಲವೋ ಈ ವಾರ ಹೇಳಲಾಗದು.

ಕಾರ್ಲಿಸ್


ಹಾರ್ಲನ್ಸ್ ಫೆರಿ
೨ ಏಪ್ರಿಲ್ ೧೯೯೬

ಡಾಕ್ಟರ್ ವಿಟ್ಲೊ ಅವರಿಗೆ,

ನನಗೆ ಸೀಟು ಸಿಕ್ಕಿತು. ಪತ್ರ ನಿನ್ನೆ ಬಂತು. ಬ್ರಿಯೆಲ್ ಬದುಕಿದ್ದಾಳೆ. ಕಿಡ್ನಿಗಳು ಬದುಕಿಲ್ಲ.

ಆಸ್ಪತ್ರೆಗೆ ಅವಳಮ್ಮ ಬಂದರು. ಶಾಲೆಯ ಬಸ್ಸು ಓಡಿಸುವವರು, ಆ ಬಟ್ಟೆಯಲ್ಲೇ ಬಂದಿದ್ದರು. ಅಷ್ಟರಲ್ಲಿ ಸಂಘದ ವಲಯಾಧ್ಯಕ್ಷೆ ನಮ್ಮನ್ನೆಲ್ಲ ಕೂರಿಸಿ ಹೇಳಿಕೊಟ್ಟಾಗಿತ್ತು. ಮೆಟ್ಟಿಲಿಂದ ಜಾರಿ ಬಿದ್ದಳು ಎನ್ನಬೇಕು. ಬೇರೆ ಮಾತಾಡಿದರೆ ಎಂಬತ್ತು ವರ್ಷದ ಸಂಘ ಮುಚ್ಚಿಹೋಗುತ್ತದೆ. ನನ್ನ ಕೈ ಹಿಡಿದುಕೊಂಡು, "ನಿಂದು ಸೀಟಿನ ವಿಷ್ಯ ಮಗೂ, ಹುಷಾರು" ಅಂದರು. ಮೆಲ್ಲಗೆ ಅಂದರು, ಪ್ರೀತಿಯಿಂದಲೇ ಅಂದರು.

ಅವಳಮ್ಮ ನನ್ನನ್ನು ಕೇಳಿದರು. ನಾನು ಮೆಟ್ಟಿಲು ಎಂದೆ. ಅವರು ಹೊದಿಕೆ ಎತ್ತಿ ತೊಡೆ ತೋರಿಸಿ ಮತ್ತೆ ಕೇಳಿದರು. ಮತ್ತೆ ಮೆಟ್ಟಿಲು ಎಂದೆ. ಅವರು ನನ್ನ ಕೆನ್ನೆಗೆ ಬಾರಿಸಿದರು, ಬಾಯಿ ಒಳಗೆ ಹರಿದು ರಕ್ತ ಬಂತು. ನುಂಗಿಕೊಂಡೆ. "ನನ್ ಮಗಳ ಜೊತೆ ಒಂದೇ ತಟ್ಟೇಲಿ ಉಂಡೋಳು ನೀನು" ಅಂದರು. ಏಟಿಗಿಂತ ಅದು ನೋಯಿತು.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಸೊಂಟದ ಮೇಲೆ ಹೊಡೆಯಬೇಡಿ ಎಂದು ಬರೆದಿರಲ್ಲ, ಹೊಡೆಯಬೇಡಿ ಎಂದು ಯಾಕೆ ಬರೆಯಲಿಲ್ಲ? ಎರಡೇ ಎರಡು ಪದ ಕಡಿಮೆ ಬರೆದಿದ್ದರೆ ಸಾಕಿತ್ತು. ನಾನು ನಿಮ್ಮ ಮಾತು ಕೇಳುತ್ತಿದ್ದೆ. ನೀವು ಬಾವಿಗೆ ಹಾರು ಅಂದಿದ್ದರೆ ಯಾವ ಬಾವಿ ಎಂದು ಕೇಳುತ್ತಿದ್ದೆ. ಈಗ ಪೊಲೀಸರು ಬಂದಿದ್ದಾರೆ. ನಾನು ನಿಜ ಹೇಳಿದರೆ ರಶೀದಾ ಜೈಲಿಗೆ, ನಾನು ಮನೆಗೆ. ಹೇಳದಿದ್ದರೆ ಡಾಕ್ಟರು. ನಿಮ್ಮ ಕೈ ನಡುಗುವುದಿಲ್ಲವಲ್ಲ, ನೀವೇ ಹೇಳಿ, ಏನು ಮಾಡಲಿ?

ಟಮೇರಾ ರಕ್ಕರ್


ಮೆಂಫಿಸ್
೬ ಏಪ್ರಿಲ್ ೧೯೯೬

ಟಮೇರಾ,

ನಿನ್ನ ಸಿಟ್ಟು ನ್ಯಾಯವಾದದ್ದು. ಇಟ್ಟುಕೋ.

ರಶೀದಾಳನ್ನು ಹೊಡೆದದ್ದನ್ನು ನಾನೇ ಹೋಗಿ ಪೊಲೀಸರಿಗೆ ಹೇಳಿದೆ. ಆಕೆ ದೂರು ಕೊಡಲಿಲ್ಲ, ಕೊಡುವುದೂ ಇಲ್ಲ, ಹಾಗೆ ಬೆಳೆಸಿದ್ದೇವೆ. ಸೊಂಟದ ಮಾತು ಬರೆದದ್ದನ್ನೂ ಹೇಳಿದೆ. ಆಸ್ಪತ್ರೆಯವರು ನನ್ನನ್ನು ಶಸ್ತ್ರಚಿಕಿತ್ಸೆಯಿಂದ ಹೊರಗಿಟ್ಟಿದ್ದಾರೆ. ಪರವಾನಗಿ ಉಳಿಯುವುದೋ ಇಲ್ಲವೋ ಗೊತ್ತಿಲ್ಲ. ನನ್ನನ್ನು ಕಾಪಾಡಲು ನೀನು ಒಂದು ಮಾತನ್ನೂ ನುಂಗಬೇಕಾಗಿಲ್ಲ.

ಏನು ಮಾಡಲಿ ಎಂದು ಕೇಳಿದ್ದೀಯ. ಇಷ್ಟು ದಿನ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ನೋಡಿಯಾಯಿತು. ಈ ಒಂದನ್ನು ನೀನೇ ಮಾಡು. ಆದರೆ ಬ್ರಿಯೆಲ್‌ಳ ಅಮ್ಮನ ಮುಖ ನೋಡಿ ಮಾಡು.

ಕಾರ್ಲಿಸ್


ಹಾರ್ಲನ್ಸ್ ಫೆರಿ
೧೯ ಆಗಸ್ಟ್ ೧೯೯೬

ಅಕ್ಕ,

ಮತ್ತೆ ಅಕ್ಕ ಎನ್ನುತ್ತಿದ್ದೇನೆ. ಅಭ್ಯಾಸಬಲವೋ ಪ್ರೀತಿಯೋ ನನಗೇ ತಿಳಿಯದು.

ಶುಕ್ರವಾರ ರಶೀದಾಳ ವಿಚಾರಣೆಯ ದಿನ ನ್ಯಾಯಾಲಯದಲ್ಲಿ ನೀವು ಮುಂದೆ ಇದ್ದಿರಿ, ನನ್ನ ಹಿಂದೆ ಆದದ್ದು ನಿಮಗೆ ಕಂಡಿರಲಿಕ್ಕಿಲ್ಲ. ನಾನು ಸಾಕ್ಷಿ ಹೇಳಲು ಎದ್ದಾಗ ಮೂರು ಬೆಂಚುಗಳ ತುಂಬ ಕೂತಿದ್ದ ಕಿತ್ತಳೆ ಕೋಟುಗಳೆಲ್ಲ ಎದ್ದು ನಿಂತು ನನಗೆ ಬೆನ್ನು ಹಾಕಿದವು. ನಾಲ್ಕು ವರ್ಷ ನನ್ನ ಜೊತೆ ತಲೆ ಬಾಚಿಕೊಂಡವರು. ನಮ್ಮ ಸಾಲಿನ ಉಳಿದ ಮೂವರೂ ಅವರಲ್ಲಿದ್ದರು. ಆದರೂ ಹೇಳಿದೆ. ಗ್ಯಾರೇಜು, ರೇಡಿಯೋ, ಎಣಿಕೆ, ಬ್ರಿಯೆಲ್ ತಿಂದ ನನ್ನ ಪಾಲು, ಅವಳಮ್ಮನಿಗೆ ಹೇಳಿದ ಸುಳ್ಳು, ಎಲ್ಲ. ಹೊರಗೆ ಬರುವಾಗ ಯಾರೋ ಬೆನ್ನಿಗೆ ಉಗಿದರು, ಇನ್ಯಾರೋ ಜಡೆ ಹಿಡಿದು ಎಳೆದು ಗೋಡೆಗೆ ತಲೆ ಬಡಿದರು. ತಿರುಗಿ ನೋಡಲಿಲ್ಲ. ವೈದ್ಯಕೀಯ ಕಾಲೇಜಿನವರು ನಿಜ ಹೇಳಿದವಳೆಂದು ಸೀಟು ಉಳಿಸಿದ್ದಾರೆ. ಅದು ಗೊತ್ತಿದ್ದು ಹೇಳಿದವಳಲ್ಲ ನಾನು. ಇಷ್ಟನ್ನು ನೀವು ನಂಬಬೇಕು.

ರಶೀದಾಳ ವಕೀಲ ನಿಮ್ಮನ್ನು ಕೇಳಿದನಲ್ಲ, ಆ ಏಟುಗಳೇ ನನ್ನನ್ನು ಡಾಕ್ಟರ್ ಮಾಡಿದವು ಎಂದು ಊರೂರಲ್ಲಿ ಭಾಷಣ ಮಾಡಿದವರು ನೀವೇ ಅಲ್ಲವೇ ಎಂದು. ನೀವು ಕೊಟ್ಟ ಉತ್ತರ ನನ್ನ ಕಿವಿಯಲ್ಲೇ ಇದೆ. "ಓದಿದ್ದಕ್ಕೆ ಡಾಕ್ಟರಾದೆ. ಒಬ್ಬರು ಊಟ ಹಾಕಿದ್ದಕ್ಕೆ ಓದಿದೆ. ಏಟು ತಿಂದಿದ್ದರಿಂದ ನೋವಾಯ್ತು, ಅಷ್ಟೇ." ಅಷ್ಟನ್ನು ಹೇಳಿ ನೀವು ಹಿಂದಿನ ಬಾಗಿಲಿಂದ ಹೊರಟುಹೋದಿರಿ. ಉತ್ತರ ಕೇಳಿ ರಶೀದಾ ಅತ್ತಳು. ಅಲ್ಲಿಯವರೆಗೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಬ್ರಿಯೆಲ್ ಮನೆಗೆ ಹೋದೆ. ಅವಳಮ್ಮ ಬಾಗಿಲು ತೆಗೆದರು, ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬ್ರಿಯೆಲ್ ಯಂತ್ರಕ್ಕೆ ಹೋಗಿ ಬಂದು ಸೋಫಾದ ಮೇಲೆ ಮಲಗಿದ್ದಳು. ವಾರಕ್ಕೆ ಮೂರು ಸಲ ಹೋಗಬೇಕಂತೆ, ಬೇರೆ ಕಿಡ್ನಿ ಸಿಗುವವರೆಗೆ. ಇನ್ನೂ ಗಿಡ್ಡಗಾಗಿದ್ದಾಳೆ. ಎರಡೂ ತೊಡೆಯ ಮೇಲೆ ಉದ್ದಕ್ಕೆ ಗಾಯದ ಗುರುತು. ನಾನು ನೆಲದ ಮೇಲೆ ಕೂತು, ಸೀಟು ಬಿಟ್ಟುಬಿಡುತ್ತೇನೆ ಎಂದೆ. ಅದು ನನ್ನದಲ್ಲ ಎಂದೆ. ಅಳುತ್ತಾ ಹೇಳಿದೆ. ಅವಳ ಮುಖ ಕೆಂಡವಾಯಿತು.

"ಬಿಟ್ರೆ ನಿನ್ ಹಲ್ಲು ಉದುರಿಸ್ತೀನಿ. ತಿಂದೋಳು ನಾನು, ಬಿಡೋಕೆ ನೀನ್ಯಾವೋಳು? ಹೋಗಿ ಓದು."

ಕ್ಷಮೆ ಕೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು. ಅವಳಮ್ಮ ಮಾತ್ರೆ ತಂದಿಟ್ಟು ಹೋದರು. ನಾನು ಎದ್ದು ಬಾಗಿಲವರೆಗೆ ಬಂದಾಗ ಕರೆದಳು.

"ಒಂದು ಮಾತು. ಮುಂದೆ ದೊಡ್ಡ ಡಾಕ್ಟ್ರಾಗಿ, ಹುಡುಗೀರ ಮುಂದೆ ಮೈಕ್ ಹಿಡ್ಕೊಂಡು, ನನ್ ಗೆಳತಿ ನನಗೋಸ್ಕರ ಏಟು ತಿಂದ್ಲು ಅದಕ್ಕೇ ನಾನಿಲ್ಲಿದೀನಿ ಅಂತ ನನ್ ಕಥೆ ಹೇಳಬೇಡ. ಚಪ್ಪಾಳೆ ಬೀಳುತ್ತೆ. ಚಪ್ಪಾಳೆ ಹೊಡೆಯೋರಲ್ಲಿ, ಅದನ್ನ ಕೇಳಿ ತಾನೂ ಗೋಡೆಗೆ ಕೈ ಕೊಡೋ ನನ್ನಂಥೋಳು ಒಬ್ಬಳು ಇದ್ದೇ ಇರ್ತಾಳೆ."

ನಿನ್ನ ಡಾಕ್ಟರಕ್ಕನಿಗೂ ಇದನ್ನು ಹೇಳು ಎಂದಳು. ಹೇಳಿದ್ದೇನೆ.

ಟಮೇರಾ